ಟೈಲರಮ್ಮನ ಎರಡನೇ ನಾಣ್ಯ

ನನ್ನ ಅತ್ತೆಯನ್ನು ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುವುದು. ಹೊಸ ಬಟ್ಟೆ ಹೊಲಿಯುವುದನ್ನು ಅವರು ಬಿಟ್ಟು ಬಹಳ ಕಾಲವಾಯಿತು. ಈಗ ಅವರ ಕೈಗೆ ಬರುವುದು ಉಣ್ಣೆಯ ಕೋಟುಗಳು. ಹೊಟ್ಟೆ ಬಂದವರ ಕೋಟನ್ನು ಅಗಲ ಮಾಡಬೇಕು, ಅಪ್ಪನದನ್ನು ಮಗನ ಅಳತೆಗೆ ತರಬೇಕು, ಹುಳ ತಿಂದ ಕಾಲರ್ ಬದಲಿಸಬೇಕು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಮೆಷೀನು, ಅದಕ್ಕೆ ತಾಗಿಕೊಂಡೇ ಇಸ್ತ್ರಿ ಮೇಜು, ನೆಲದ ತುಂಬ ದಾರ, ತುಂಡು ಬಟ್ಟೆ, ಉಣ್ಣೆಯ ಜೂಲು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ದಿನಕ್ಕೆ ಎರಡು ಸಲ ಆ ಕೋಣೆ ಗುಡಿಸಿ ಸುಸ್ತಾಗುತ್ತಿದ್ದೆ. ಆಮೇಲೆ ಬುದ್ಧಿ ಬಂತು, ಒಂದೇ ಸಲಕ್ಕೆ ಇಳಿಸಿದೆ.

ಅತ್ತೆ ಕೆಟ್ಟವರಲ್ಲ, ಹಠಮಾರಿ. ಇದನ್ನು ಅವರ ಮುಂದೆಯೇ ಹೇಳುತ್ತೇನೆ, ಬೆನ್ನ ಹಿಂದೆ ಹೇಳುವ ಗರಜು ನನಗಿಲ್ಲ. ಒಮ್ಮೆ ಒಬ್ಬ ಗಿರಾಕಿ, ‘ಒಳಗಿನ ಅಸ್ತರು ನಂದಲ್ಲ, ನೀವು ಬೇರೆ ಹಾಕಿದ್ದೀರಿ’ ಎಂದುಬಿಟ್ಟ. ಅತ್ತೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಹೊಲಿದು ಮುಗಿಸಿದ್ದ ಕೋಟನ್ನು ಅವನ ಕಣ್ಣೆದುರಿಗೇ ಪೂರ್ತಿ ಬಿಚ್ಚಿ, ಅಸ್ತರಿನ ಒಳಮಗ್ಗುಲಲ್ಲಿದ್ದ ಅವನದೇ ಹಳೆಯ ಇಂಕಿನ ಕಲೆ ತೋರಿಸಿದರು. ಆಮೇಲೆ ಮತ್ತೆ ಮೊದಲಿಂದ ಹೊಲಿದರು. ಅಷ್ಟು ಹೊತ್ತೂ ಆ ಮನುಷ್ಯ ಎದ್ದು ಹೋಗುವ ಧೈರ್ಯ ಮಾಡಲಿಲ್ಲ.

ಇಂಥವರಿಗೆ ನಾಣ್ಯದ ಹುಚ್ಚು ಬೇರೆ. ಹಳೆಯ ಬೆಳ್ಳಿ ನಾಣ್ಯಗಳು. ದೊಡ್ಡ ಸಂಗ್ರಹವೇನಲ್ಲ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಿಡಿಯುವಷ್ಟು. ಭಾನುವಾರ ಮಧ್ಯಾಹ್ನವಾದರೆ ಸಾಕು, ಚಪ್ಪಲಿ ಮೆಟ್ಟಿಕೊಂಡು ವಾಚ್ ರಿಪೇರಿಯವರ ಅಂಗಡಿಯ ಹಿಂದಿನ ಕೋಣೆಗೆ ಹೊರಡುತ್ತಾರೆ. ಮಂಡಿ ನೋವು ಇರುವುದರಿಂದ ಜೊತೆಗೆ ನಾನು. ಅಲ್ಲಿ ಒಂದು ಮೇಜು, ಮೇಜಿನ ಮೇಲೆ ಮಖಮಲ್ಲಿನ ಬಟ್ಟೆ, ಸುತ್ತ ನಾಲ್ಕೈದು ಕುರ್ಚಿ. ಯಜಮಾನರು ವಾಚ್ ರಿಪೇರಿಯವರು. ಆಮೇಲೆ ಮೆಡಿಕಲ್ ಸ್ಟೋರಿನವರು, ಕೆಲಸದಿಂದ ನಿವೃತ್ತರಾದ ಪೋಸ್ಟ್ ಮಾಸ್ತರರು, ಮತ್ತೆ ನಾಣ್ಯ ಮಾರುವ ವ್ಯಾಪಾರಿ. ಈ ವ್ಯಾಪಾರಿಯನ್ನು ಎಲ್ಲರೂ ಜೇಬಣ್ಣ ಎನ್ನುತ್ತಾರೆ, ಯಾಕೆಂದರೆ ಅವನ ಅಂಗಡಿಯೆಲ್ಲ ಕೋಟಿನ ಜೇಬಿನೊಳಗೇ ಇರುವುದು. ಆ ಜೇಬುಗಳನ್ನು ಹೊಲಿದುಕೊಟ್ಟವರು ನಮ್ಮ ಅತ್ತೆಯೇ.

ಆ ಮೇಜಿಗೆ ಅದರದೇ ಶಾಸ್ತ್ರಗಳಿದ್ದವು. ನಾಣ್ಯವನ್ನು ಅಂಚು ಹಿಡಿದೇ ಎತ್ತಬೇಕು. ಅದರ ಮೇಲೆ ಬಾಗಿ ಮಾತಾಡಬಾರದು, ಎಂಜಲು ಹಾರಿದರೆ ಕಲೆಯಾಗುತ್ತದೆ. ಎಲ್ಲಕ್ಕಿಂತ ದೊಡ್ಡದು ಬಣ್ಣದ ಶಾಸ್ತ್ರ. ಬೆಳ್ಳಿ ಹಳೆಯದಾದರೆ ಕಪ್ಪಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಅಪರೂಪಕ್ಕೆ ಒಂದೊಂದು ನಾಣ್ಯ ಕಪ್ಪಾಗುವ ಮೊದಲು ಕಾಮನಬಿಲ್ಲಿನಂತೆ ಬಣ್ಣ ಏರಿಸಿಕೊಂಡು ಕೂತಿರುತ್ತದೆ. ಅಂಥದಕ್ಕೆ ಜನ ಮುಗಿಬೀಳುತ್ತಾರೆ. ಮುಗಿಬೀಳುತ್ತಾರೆ ಎಂದ ಮೇಲೆ ಕಳ್ಳದಾರಿ ಹುಟ್ಟದೆ ಇರುತ್ತದೆಯೇ? ಗಂಧಕ ಹಚ್ಚುವವರು, ಒಲೆಯಲ್ಲಿ ಕಾಯಿಸುವವರು, ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಡುವವರು, ಎಲ್ಲರೂ ಇದ್ದಾರೆ. ಮೆಡಿಕಲ್‌ನವರು ಒಮ್ಮೆ ಅಂಥದೊಂದನ್ನು ಆಸೆಪಟ್ಟು ಕೊಂಡು ಟೋಪಿ ಹಾಕಿಸಿಕೊಂಡಿದ್ದರು. ಅಂದಿನಿಂದ ಮೇಜಿಗೆ ಬಣ್ಣದ ನಾಣ್ಯ ಬಂದರೆ ಎಲ್ಲರೂ ನೋಡಿ ಗುಂಡಿ ಹಾಕಬೇಕು ಎಂದು ಗೊತ್ತುಮಾಡಿದರು. ತಾನಾಗಿ ಬಂದ ಬಣ್ಣವಾದರೆ ಲೋಟದೊಳಗೆ ಬಿಳಿ ಗುಂಡಿ, ಕೈಬಣ್ಣವಾದರೆ ಕರಿ ಗುಂಡಿ. ಕರಿ ಹೆಚ್ಚಾದರೆ ನಾಣ್ಯದ ಚೀಲಕ್ಕೆ ಕೆಂಪು ಚುಕ್ಕೆ, ಅದರ ಯಜಮಾನರಿಗೆ ಮುಂದೆ ಯಾರ ನಾಣ್ಯಕ್ಕೂ ಗುಂಡಿ ಹಾಕುವ ಹಕ್ಕಿಲ್ಲ. ಆ ಗುಂಡಿಗಳನ್ನು ಕೊಟ್ಟವರೂ ನಮ್ಮ ಅತ್ತೆಯೇ, ಕೋಟಿನ ಗುಂಡಿಗಳು.

ಒಂದು ದಿನ ಮೆಷೀನಿನ ಡ್ರಾಯರ್ ಸಿಕ್ಕಿಹಾಕಿಕೊಂಡಿತು. ಜಪ್ಪಯ್ಯ ಅಂದರೂ ಬರಲಿಲ್ಲ. ನನ್ನ ಗಂಡ ಕಾಲು ಕೊಟ್ಟು ಎಳೆದದ್ದೇ ಡ್ರಾಯರ್ ಸಮೇತ ಹಿಂದಕ್ಕೆ ಬಿದ್ದರು. ಡ್ರಾಯರಿನ ಹಿಂದಿನ ಸಂದಿಯಲ್ಲಿ ಎಷ್ಟೋ ಕಾಲದ ಉಣ್ಣೆಯ ಜೂಲು ಹಾಸಿಗೆಯಂತೆ ಕೂತಿತ್ತು. ಅದರ ಮೇಲೆ ಒಂದು ಬೆಳ್ಳಿ ನಾಣ್ಯ ಬೋರಲು ಬಿದ್ದಿತ್ತು.

ಅತ್ತೆ ಅದನ್ನು ಅಂಚು ಹಿಡಿದು ತಿರುಗಿಸಿದರು. ಒಂದು ಮಗ್ಗುಲು ಮಾಮೂಲು ಬಿಳುಪು. ಇನ್ನೊಂದು ಮಗ್ಗುಲಲ್ಲಿ, ಏನು ಹೇಳಲಿ, ಅಂಚಿನಲ್ಲಿ ನೀಲಿ, ಅದರೊಳಗೆ ನೇರಳೆ, ಆಮೇಲೆ ಕೆಂಪು, ಆಮೇಲೆ ಬಂಗಾರ, ನಟ್ಟನಡುವೆ ಬೆಳ್ಳಿ. ಕಿಟಕಿಯ ಬೆಳಕಿಗೆ ಹಿಡಿದರೆ ಬಣ್ಣಗಳು ಓಡಾಡುತ್ತಿದ್ದವು. ನನಗೆ ನಾಣ್ಯಗಳೆಂದರೆ ಅಷ್ಟಕ್ಕಷ್ಟೇ, ಆದರೂ ನೋಡುತ್ತ ನಿಂತೆ. ಅತ್ತೆಯ ಕಣ್ಣಲ್ಲಿ ನೀರು ಬಂತು, ಆದರೆ ಅದು ಬಣ್ಣ ನೋಡಿ ಅಲ್ಲ.

“ಇದು ನಮ್ಮಮ್ಮ ಮೆಷೀನಿನ ಜೊತೆ ಕೊಟ್ಟಿದ್ದು ಕಣೇ. ಕಳೆದುಬಿಟ್ಟೆ ಅಂದ್ಕೊಂಡಿದ್ದೆ. ಅವರು ಹೋಗೋವರೆಗೂ ಅವರಿಗೆ ಹೇಳೋಕೆ ಬಾಯಿ ಬರಲಿಲ್ಲ” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮುಂದಿನ ಭಾನುವಾರ ಅದು ಮೇಜಿಗೆ ಹೋಯಿತು. ಅತ್ತೆಯ ಮುಖ ನೋಡಬೇಕಿತ್ತು, ಹೆಣ್ಣು ನೋಡಲು ಬಂದವರ ಮುಂದೆ ಮಗಳನ್ನು ಕೂರಿಸಿದ ತಾಯಿಯಂತೆ. ನಾಣ್ಯ ಕೈಯಿಂದ ಕೈಗೆ ಹೋಯಿತು. ಮೆಡಿಕಲ್‌ನವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಟೈಲರಮ್ಮ, ಬೇಜಾರು ಮಾಡ್ಕೋಬೇಡಿ. ಗಂಧಕ ಇಲ್ದೆ ಈ ಬಣ್ಣ ಬರಲ್ಲ. ಮರದ ಡ್ರಾಯರಲ್ಲಿ ಇದ್ದಿದ್ರೆ ಕಂದು ಬಣ್ಣಕ್ಕೆ ತಿರುಗ್ತಿತ್ತು ಅಷ್ಟೇ. ನಿಮ್ಮ ಡ್ರಾಯರಿಗೆ ಗಂಧಕ ಎಲ್ಲಿಂದ ಬಂತು?”

“ನಂಗೇನು ಗೊತ್ತು? ಅಲ್ಲಿತ್ತು. ನಾನೇನೂ ಮಾಡಿಲ್ಲ, ತಾನಾಗೇ ಆಗಿದ್ದು.”

“ಎಲ್ರೂ ಹಾಗೇ ಹೇಳ್ತಾರಮ್ಮ. ನಂಗೆ ಮಾರಿದವನೂ ಅದೇ ಮಾತು ಹೇಳಿದ್ದ.”

ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಜೀವಮಾನದಲ್ಲಿ ಗಿರಾಕಿಯ ಒಂದು ಗೇಣು ಬಟ್ಟೆ ಇಟ್ಟುಕೊಂಡವರಲ್ಲ, ಅಂಥವರನ್ನು ಯಾವನೋ ಕಳ್ಳನ ಪಕ್ಕ ನಿಲ್ಲಿಸುವುದೇ? ಬಾಯಿಬಿಡಲು ಹೋದೆ. ಅತ್ತೆ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಅತ್ತೆ ತಮ್ಮ ನಾಣ್ಯಕ್ಕೆ ತಾವು ಹಾಕಲಿಲ್ಲ, ಉಳಿದವರ ನಡುವೆ ಲೋಟ ಸುತ್ತಿತು. ಬಗ್ಗಿಸಿದಾಗ ಬಿದ್ದದ್ದು ಒಂದೇ ಬಿಳಿ, ಉಳಿದದ್ದೆಲ್ಲ ಕರಿ. ಆ ಒಂದು ಬಿಳಿ ವಾಚ್ ರಿಪೇರಿಯವರದು, ಅದೂ ಪಾಪ ಅನ್ನಿಸಿ ಹಾಕಿದ್ದೆಂದು ಆಮೇಲೆ ಗೊತ್ತಾಯಿತು. ಜೇಬಣ್ಣ ಬಾಗಿಲವರೆಗೂ ಬಂದು, “ಬಿಡಿ ಅಮ್ಮ, ನಂಗೆ ಕೊಟ್ಬಿಡಿ. ಚುಕ್ಕೆ ಗಿಕ್ಕೆ ನೋಡದೆ ಕೊಳ್ಳೋರು ನನ್ನ ಹತ್ರ ಇದ್ದಾರೆ” ಎಂದ. ಅತ್ತೆ ಅವನನ್ನು ನೋಡಿದ ರೀತಿಗೆ ಅವನು ಅಲ್ಲೇ ನಿಂತ.

ದಾರಿಯಲ್ಲಿ ನಾನು ಬೈಯುತ್ತ ಬಂದೆ. ಮನೆ ಬಾಗಿಲಲ್ಲಿ ಅತ್ತೆ ಚಪ್ಪಲಿ ಬಿಡುತ್ತ, “ಮತ್ತೊಂದು ಅದೇ ನಾಣ್ಯ ತಗೊಂಡು ಅದೇ ಜಾಗದಲ್ಲಿ ಇಡ್ತೀನಿ. ಬಣ್ಣ ಬರೋದನ್ನ ಅವರೇ ನೋಡ್ಲಿ” ಎಂದರು.

“ಅದು ನಿಮ್ಮ ಮದುವೆ ಕಾಲದಿಂದ ಬಿದ್ದಿದ್ದ ನಾಣ್ಯ ಅತ್ತೆ. ಅಷ್ಟು ದಿನ ಕಾಯ್ತೀರಾ?”

“ನಂಗೇನು ಬಸ್ಸು ಹಿಡಿಯೋದಿದೆಯಾ?”

ಹಾಗೆ ಶುರುವಾಯಿತು. ಜೇಬಣ್ಣನ ಹತ್ತಿರವೇ ಅದೇ ವರ್ಷದ, ಅದೇ ಮುಖದ, ಬಣ್ಣವಿಲ್ಲದ ಒಂದು ನಾಣ್ಯ ತಂದರು. ಈ ಮನುಷ್ಯರು ನಾಣ್ಯವೆಂದರೆ ಎಷ್ಟು ಮಡಿ ಎಂದರೆ, ಅತ್ತೆ ಮೊದಲು ಮಾಡಿದ ಕೆಲಸ ಡ್ರಾಯರಿನ ಸಂದಿಯನ್ನು ಬ್ರಶ್ಶಿನಿಂದ ಉಜ್ಜಿ ಉಜ್ಜಿ ಚೊಕ್ಕ ಮಾಡಿದ್ದು. ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆ ಹಾಸಿದರು. ಅದರ ಮೇಲೆ ನಾಣ್ಯವನ್ನು ಬೋರಲು ಮಲಗಿಸಿದರು. ಅಂದಿನಿಂದ ಆ ಡ್ರಾಯರಿಗೆ ಯಾರೂ ಕೈ ಹಾಕುವಂತಿಲ್ಲ. ಕತ್ತರಿ, ಟೇಪು, ಸೂಜಿ ಎಲ್ಲ ನನ್ನ ಅಡುಗೆಮನೆಯ ಶೆಲ್ಫಿಗೆ ಬಂದವು. ಚಮಚ ತೆಗೆಯಲು ಹೋದರೆ ಕೈಗೆ ಗುಂಡುಸೂಜಿ.

ಚಳಿಗಾಲ ಬಂತು, ಹೋಯಿತು, ಮತ್ತೊಂದು ಬಂತು. ಅತ್ತೆ ಪ್ರತಿ ಭಾನುವಾರ ಮೇಜಿಗೆ ಹೋಗಿ ಕೂರುತ್ತಿದ್ದರು. ಲೋಟ ಸುತ್ತಿ ಬಂದಾಗ ಅವರನ್ನು ದಾಟಿಸಿ ಪಕ್ಕದವರಿಗೆ ಕೊಡುತ್ತಿದ್ದರು. ತಾವೇ ಆರಿಸಿ ಕೊಟ್ಟ ಗುಂಡಿಗಳು ಎದುರಿಗೇ ಬೀಳುತ್ತಿದ್ದರೂ ಕೈ ಮಡಚಿ ಕೂತಿರುತ್ತಿದ್ದರು. “ಯಾಕೆ ಹೋಗ್ತೀರ ಅತ್ತೆ, ಮಾನ ಇಲ್ವಾ ನಮಗೆ?” ಎಂದು ನಾನು ಕೇಳಿದ್ದೂ ಉಂಟು. “ಹೋಗದಿದ್ರೆ ಒಪ್ಪಿಕೊಂಡ ಹಾಗಾಯ್ತಲ್ಲ” ಎಂದರು.

ನಾಣ್ಯ ತೆಗೆದು ನೋಡಿದರೆ ಎಂಥ ಬಣ್ಣ, ಎಂಥ ಕಥೆ. ಇಟ್ಟ ದಿನ ಹೇಗಿತ್ತೋ ಹಾಗೇ ಬೆಳ್ಳಗೆ ಇತ್ತು. ನನ್ನ ಗಂಡನಿಗೆ ಪಾಪ ಅನ್ನಿಸಿತು. “ಅಮ್ಮಾ, ಒಂದು ಮೊಟ್ಟೆ ಬೇಯಿಸಿ ಡಬ್ಬೀಲಿ ಇಟ್ರೆ ವಾರದೊಳಗೆ ಬರುತ್ತಂತೆ. ಯಾರಿಗೆ ಗೊತ್ತಾಗುತ್ತೆ?” ಎಂದರು. ಮಗನ ಜೊತೆ ಅತ್ತೆ ಮಾತು ಬಿಟ್ಟರು. ಎಷ್ಟು ದಿನ ಬಿಟ್ಟರೆಂದರೆ, ಊಟಕ್ಕೆ ಕರೆಯಬೇಕಾದರೂ ನನ್ನ ಮೂಲಕ ಹೇಳಿಕಳಿಸುತ್ತಿದ್ದರು.

ಆ ಸಮಯದಲ್ಲೇ ಒಂದು ಬೆಳಿಗ್ಗೆ ನಾನು ಕೋಣೆ ಗುಡಿಸುತ್ತ ತಮಾಷೆಗೆ ಅಂದೆ, “ನೀವು ಹೊಸ ನಾಣ್ಯಕ್ಕೆ ಬಿಳಿ ಹಾಸಿಗೆ ಹಾಸಿ ರಾಜೋಪಚಾರ ಮಾಡ್ತಿದ್ದೀರಿ. ಆ ಮೊದಲನೇದು ಕಸದಲ್ಲಿ ಬಿದ್ದು ಬೆಳೆದಿದ್ದು ಅತ್ತೆ.”

ಅತ್ತೆಯ ಕಾಲು ಮೆಷೀನಿನ ಮೇಲೆ ಹಾಗೇ ನಿಂತಿತು. “ಮೊರ ಇಲ್ಲಿ ಕೊಡು” ಎಂದರು. ನಾನು ಗುಡಿಸಿ ಒಟ್ಟು ಮಾಡಿದ್ದ ಕಸದಿಂದ ಉಣ್ಣೆಯ ಜೂಲನ್ನಷ್ಟೇ ಹೆಕ್ಕಿ ತೆಗೆದು, ಬಿಳಿ ಬಟ್ಟೆ ಎಳೆದು ಬಿಸಾಡಿ, ಸಂದಿಯಲ್ಲಿ ಜೂಲು ತುಂಬಿದರು. ಅಂದಿನಿಂದ ದಿನಾ ನನ್ನ ಪೊರಕೆಯ ಹಿಂದೆಯೇ ಅವರು. ನಾನು ಗುಡಿಸುವುದು, ಅವರು ಹೆಕ್ಕುವುದು. ಲೋಕದಲ್ಲಿ ಯಾವ ಅತ್ತೆ ಸೊಸೆ ಹೀಗೆ ಕಸಕ್ಕಾಗಿ ಕೂಡಿ ಬಾಳಿದರೋ ನನಗೆ ಗೊತ್ತಿಲ್ಲ.

ಬಣ್ಣ ಬಂತು. ಒಂದೇ ದಿನಕ್ಕಲ್ಲ. ಇಸ್ತ್ರಿ ಮೇಜು ಪಕ್ಕದಲ್ಲೇ ಇತ್ತಲ್ಲ, ಒದ್ದೆ ಬಟ್ಟೆ ಹಾಕಿ ಕೋಟಿನ ಮೇಲೆ ಪೆಟ್ಟಿಗೆ ಒತ್ತಿದಾಗೆಲ್ಲ ಏಳುವ ಹಬೆ ಆ ಡ್ರಾಯರಿಗೂ ತಗಲುತ್ತಿತ್ತು. ಮೊದಲು ಅಂಚಿಗೆ ಹಳದಿ ಏರಿತು. ಆ ಹಳದಿ ಒಳಕ್ಕೆ ಸರಿದು ಅಂಚು ಕೆಂಪಾಯಿತು. ನನ್ನ ಮಗಳು ಶಾಲೆಗೆ ಸೇರಿದಳು, ಹಲ್ಲು ಬಿದ್ದು ಹುಟ್ಟಿದವು, ಅಂಚು ನೇರಳೆಯಾಯಿತು. ಅತ್ತೆಗೆ ಕಣ್ಣಿನ ಪೊರೆ ತೆಗೆಸಿದೆವು. ಕಟ್ಟು ಬಿಚ್ಚಿ ಮನೆಗೆ ಬಂದವರೇ ಮೊಮ್ಮಗಳನ್ನೂ ನೋಡದೆ ಡ್ರಾಯರ್ ಎಳೆದರು. ಅಂಚಿನಲ್ಲಿ ನೀಲಿ ನಿಂತಿತ್ತು. ನಾನೇ ಕುಣಿದಾಡಿಬಿಟ್ಟೆ. ಅದರ ಮೇಲೆ ನನಗೂ ಮೋಹ ಹುಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಹಳೆಯದು ಅವರ ತಾಯಿಯದು. ಇದು ನಮ್ಮಿಬ್ಬರ ಪೊರಕೆಯದು.

ಆ ಭಾನುವಾರ ಅತ್ತೆ ಎರಡೂ ನಾಣ್ಯಗಳನ್ನು ಮಖಮಲ್ಲಿನ ಮೇಲೆ ಇಟ್ಟು, ಪಕ್ಕದಲ್ಲಿ ಒಂದು ಹಿಡಿ ಜೂಲು ಇಟ್ಟು, ನಡೆದದ್ದನ್ನೆಲ್ಲ ಹೇಳಿದರು. ಮೆಡಿಕಲ್‌ನವರು ಜೂಲನ್ನು ಎತ್ತಿ ಮೂಸಿದರು. ಹಣೆ ಹಿಡಿದುಕೊಂಡರು.

“ಉಣ್ಣೆ. ಅಯ್ಯೋ, ಉಣ್ಣೇಲೇ ಗಂಧಕ ಇರುತ್ತೆ. ಕೂದಲು ಸುಟ್ಟರೆ ನಾತ ಬರೋದೂ ಅದಕ್ಕೇ. ನಾನು ಇದನ್ನೇ ಓದಿ ಬಂದವನು, ಡ್ರಾಯರ್ ಅಂದ ತಕ್ಷಣ ಮರಾನೇ ತಲೇಲಿ ಕೂತುಬಿಡ್ತು. ತಪ್ಪು ನಂದು ಟೈಲರಮ್ಮ. ದೊಡ್ಡ ತಪ್ಪು.” ಆ ಮನುಷ್ಯ ಎದ್ದು ನಿಂತು ಹೇಳಿದರು, ನನಗೆ ಅವರ ಮೇಲಿದ್ದ ಕೋಪ ಅರ್ಧ ಇಳಿಯಿತು.

ಲೋಟ ಮತ್ತೆ ಸುತ್ತಿತು. ತಾಯಿಯ ನಾಣ್ಯಕ್ಕೆ ಎಲ್ಲ ಬಿಳಿ. ಪೋಸ್ಟ್ ಮಾಸ್ತರರು ಚೀಲದ ಮೇಲಿನ ಕೆಂಪು ಚುಕ್ಕೆಯನ್ನು ಉಗುರಿನಿಂದ ಕೆರೆದು ತೆಗೆದರು. ವಾಚ್ ರಿಪೇರಿಯವರು ಒಂದು ಬಿಳಿ, ಒಂದು ಕರಿ ಗುಂಡಿ ಆರಿಸಿ ಅತ್ತೆಯ ಮುಂದೆ ಇಟ್ಟರು. ಹಕ್ಕು ವಾಪಸು ಬಂತು. ಅಲ್ಲಿಗೆ ಎದ್ದು ಮನೆಗೆ ಹೋಗಿದ್ದರೆ ನಾನು ಆ ದಿನ ಪಾಯಸ ಮಾಡುತ್ತಿದ್ದೆ.

ಅತ್ತೆ ಏಳಲಿಲ್ಲ. ಎರಡನೇ ನಾಣ್ಯವನ್ನು ನಡುವಿಗೆ ತಳ್ಳಿ, “ಇದಕ್ಕೂ ಹಾಕಿ” ಎಂದರು.

ಎಲ್ಲರೂ ನಕ್ಕರು. “ಇದಕ್ಕೇನು ಹಾಕೋದು? ಅದಕ್ಕೆ ಬಿಳಿ ಅಂದ್ರೆ ಇದಕ್ಕೂ ಬಿಳಿ” ಎಂದರು ಪೋಸ್ಟ್ ಮಾಸ್ತರರು.

ಅತ್ತೆ ಕರಿ ಗುಂಡಿಯನ್ನು ಲೋಟಕ್ಕೆ ಹಾಕಿದರು. “ಅದನ್ನ ನಾನು ಇಡಲಿಲ್ಲ, ಬಿದ್ದಿತ್ತು. ಇದನ್ನ ಬಣ್ಣ ಬರ್ಲಿ ಅಂತಾನೇ ಇಟ್ಟೆ. ದಿನಾ ಜೂಲು ತುಂಬಿದೆ. ಇದು ಕೈಬಣ್ಣ.”

“ಅಲ್ಲ ಅಮ್ಮ, ಇದರಲ್ಲಿ ಸುಳ್ಳು ಎಲ್ಲಿದೆ? ಅದೇ ಉಣ್ಣೆ, ಅದೇ ಡ್ರಾಯರು. ವರ್ಷಗಟ್ಲೆ ಕಾದಿದ್ದೀರಿ. ನಿಮ್ಮ ಮನಸ್ಸಲ್ಲಿ ಏನಿತ್ತು ಅಂತ ನಾಣ್ಯಕ್ಕೆ ಹೇಗೆ ಗೊತ್ತಾಗುತ್ತೆ?” ಎಂದರು ವಾಚ್ ರಿಪೇರಿಯವರು.

“ನಾಣ್ಯಕ್ಕೆ ಗೊತ್ತಾಗಬೇಕಾಗಿಲ್ಲ. ನಂಗೆ ಗೊತ್ತಲ್ಲ.”

ಮೇಜು ಎರಡು ಹೋಳಾಯಿತು. ಕಾಲವೇ ಮಾಡಿದ ಕೆಲಸ, ಕೈಯ ಕೆಲಸವಲ್ಲ ಎಂದು ಒಬ್ಬರು. ಬೀಜ ಬಿತ್ತಿ ಗಿಡ ತಾನಾಗಿ ಬಂತು ಎನ್ನಲಾದೀತೇ ಎಂದು ಇನ್ನೊಬ್ಬರು. ಈ ಗಲಾಟೆಯ ನಡುವೆ ಜೇಬಣ್ಣ ತಣ್ಣಗೆ ಕೇಳಿದ, “ಅಮ್ಮಾ, ಇದನ್ನ ನಂಗೆ ಕೊಡಿ. ಇಂಥವು ಇನ್ನೂ ಎಷ್ಟು ಇಡಬಹುದು ಆ ಡ್ರಾಯರಲ್ಲಿ?”

ಎಲ್ಲರೂ ಅವನ ಕಡೆ ತಿರುಗಿದರು. ಆಗ ನನಗೂ ತಲೆಗೆ ಹೊಳೆಯಿತು. ತಾನು ಕಳ್ಳಿಯಲ್ಲ ಎಂದು ತೋರಿಸಲು ಹೋಗಿ ನಮ್ಮ ಅತ್ತೆ ಸಿಕ್ಕಿಬೀಳದೆ ಕಳ್ಳತನ ಮಾಡುವ ದಾರಿಯನ್ನು ಮೇಜಿನ ಮೇಲೆ ಹರಡಿಬಿಟ್ಟಿದ್ದರು.

“ನಾನು ಹೇಳಿಯೇ ಮಾರ್ತೀನಿ ಅಮ್ಮ, ಮುಚ್ಚಿಡಲ್ಲ” ಎಂದ ಜೇಬಣ್ಣ.

“ನೀನು ಹೇಳ್ತೀಯಪ್ಪ. ನಿನ್ನಿಂದ ತಗೊಂಡವನು ಹೇಳ್ತಾನಾ? ಅವನಿಂದ ತಗೊಂಡವನು?” ಅತ್ತೆ ವಾಚ್ ರಿಪೇರಿಯವರ ಕಡೆ ತಿರುಗಿದರು. “ನಿಮ್ಮ ಸಣ್ಣ ಡ್ರಿಲ್ ಇದೆಯಲ್ಲ, ತನ್ನಿ. ಇದಕ್ಕೆ ತೂತು ಹಾಕಿ. ಯಾರ ಕೈಗೆ ಹೋದ್ರೂ ಗೊತ್ತಾಗ್ಲಿ.”

ತೂತು ಬಿದ್ದ ನಾಣ್ಯಕ್ಕೆ ಸಂಗ್ರಹಕಾರರ ಲೋಕದಲ್ಲಿ ಬೆಲೆಯಿಲ್ಲ. ಪೋಸ್ಟ್ ಮಾಸ್ತರರು ಬೇಡ ಎಂದು ಕೈ ಅಡ್ಡ ಹಿಡಿದರು. “ಅತ್ತೆ, ಮನೇಲಿ ನಮ್ಮ ಪಾಡಿಗೆ ಇಟ್ಕೊಳ್ಳೋಣ, ಯಾರಿಗೂ ಕೊಡೋದು ಬೇಡ” ಎಂದೆ. ನನ್ನ ಧ್ವನಿ ನನಗೇ ಮಗುವಿನದರಂತೆ ಕೇಳಿಸಿತು.

“ನಾನಿರೋವರೆಗೆ ಇಟ್ಕೋಬಹುದು. ಆಮೇಲೆ?” ಎಂದರು.

ವಾಚ್ ರಿಪೇರಿಯವರು ಡ್ರಿಲ್ ತಂದು ಮೇಜಿಗೆ ಸಿಕ್ಕಿಸಿದರು. ದೀಪ ಹತ್ತಿರ ಎಳೆದರು. ಆಮೇಲೆ ಮಖಮಲ್ಲಿನ ಕಡೆ ನೋಡಿ ಕೈ ಹಾಗೇ ನಿಲ್ಲಿಸಿದರು. ಗಲಾಟೆಯಲ್ಲಿ ಎಲ್ಲರೂ ಎರಡೂ ನಾಣ್ಯಗಳನ್ನು ಎತ್ತಿ ನೋಡಿದ್ದರು, ಹೋಲಿಸಿದ್ದರು, ಎಲ್ಲೆಲ್ಲೋ ಇಟ್ಟಿದ್ದರು. ಈಗ ಎರಡೂ ಪಕ್ಕಪಕ್ಕದಲ್ಲಿ ಅವಳಿ ಮಕ್ಕಳಂತೆ ಮಲಗಿದ್ದವು. ಒಂದರಲ್ಲಿ ನೀಲಿ ಕೂದಲೆಳೆಯಷ್ಟು ಹೆಚ್ಚು ಅಗಲ, ಆದರೆ ಅದು ಯಾವುದರಲ್ಲಿ ಇತ್ತೆಂದು ಯಾರಿಗೆ ನೆನಪು?

“ಅಮ್ಮಾ, ಯಾವುದಕ್ಕೆ?” ಎಂದರು.

“ಬಲಗಡೇದು.”

ಅವರು ಅದನ್ನು ಎತ್ತಿಕೊಂಡರು, ಆದರೆ ಧೈರ್ಯ ಸಾಲದೆ ಮೆಡಿಕಲ್‌ನವರ ಮುಖ ನೋಡಿದರು. ಮೆಡಿಕಲ್‌ನವರು ಎರಡನ್ನೂ ಭೂತಗನ್ನಡಿಯ ಕೆಳಗೆ ಹಿಡಿದರು. ತಿರುಗಿಸಿದರು. ಓರೆ ಮಾಡಿ ಬೆಳಕಿಗೆ ಹಿಡಿದರು. ಕೊನೆಗೆ ಗಾಜು ಕೆಳಗಿಟ್ಟರು.

“ನಂಗೆ ಗೊತ್ತಾಗ್ತಿಲ್ಲ. ಯಾರಿಗೂ ಗೊತ್ತಾಗಲ್ಲ. ಟೈಲರಮ್ಮ ಬಲಗಡೇದು ಅಂತಿದ್ದಾರಲ್ಲ, ಅದೇ ಸರಿ. ಅವರ ಮಾತೇ ಸಾಕು, ಕೊರೀರಿ.”

ಅತ್ತೆ ಅವರನ್ನೇ ನೋಡುತ್ತ ಕೂತರು.

“ಅವತ್ತೂ ನನ್ನ ಹತ್ರ ಇದ್ದಿದ್ದು ಈ ಮಾತೊಂದೇ” ಎಂದರು.

ಮೆಡಿಕಲ್‌ನವರು ತಲೆ ತಗ್ಗಿಸಿದರು. ಅತ್ತೆ ಮೂಗು ಒರೆಸಿಕೊಂಡು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಕೊರೆಯುವಾಗ ಅಲುಗಾಡದಂತೆ ನಾಣ್ಯದ ಅಂಚನ್ನು ತಾವೇ ಹಿಡಿದುಕೊಂಡರು.